ಕಾರ್ತಿಕದ ತನಕ ನದಿ ದಾಟದಿರಲು ವೈಲ್ಡ್‌ಬೀಸ್ಟ್ ಹಿಂಡಿಗೆ ವಿನಂತಿ

ಸೆರೆಂಗೆಟಿ ಬಯಲಿನಿಂದ ಮಾರಾ ನದಿಯ ಕಡೆಗೆ ಹೊರಟು ನಿಂತಿರುವ ಸಮಸ್ತ ವೈಲ್ಡ್‌ಬೀಸ್ಟ್ ಎಂಬ ಕಾಡುದನಗಳ ಹಿಂಡಿನ ಹಿರಿಯರ ಸನ್ನಿಧಿಗೆ,

ಮಾನ್ಯರೇ,

ಹಳಿಯಾಳ ತಾಲೂಕು ತೇರಗಾಂವದಿಂದ ಸತ್ತೆವ್ವ ಮಾಡುವ ನಮಸ್ಕಾರಗಳು. ಇವತ್ತು ಸೋಮವಾರ, ನನ್ನ ಉಪವಾಸ. ನಸುಕಿನಲ್ಲೆದ್ದು ಅಂಗಳಕ್ಕೆ ಸಗಣಿ ನೀರು ಹೊಡೆದು, ಎಮ್ಮೆ ಹಿಂಡಿ, ದೇವರ ಹಿತ್ತಾಳೆ ಸಾಮಾನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಎರಡೇ ಎರಡು ಬಾಳೆಹಣ್ಣು ತಿಂದು ಈ ಪತ್ರಕ್ಕೆ ಕೂತಿದ್ದೇನೆ. ತಾವೂ ತಮ್ಮ ಹದಿಮೂರು ಲಕ್ಷ ಬಂಧುಬಳಗವೂ ಕ್ಷೇಮವೆಂದು ನಂಬಿದ್ದೇನೆ. ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸುವುದು ಧರ್ಮ, ಆದರೆ ಹಾಳೆ ಸಾಲದು, ಕ್ಷಮಿಸಬೇಕು.

ನನ್ನ ಪರಿಚಯ ತಮಗಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವಳು, ವಯಸ್ಸು ಐವತ್ತು. ಯಜಮಾನರು ಸೋಮಪ್ಪನವರು ಮೂವತ್ತು ವರ್ಷ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು. ಪಕ್ಕದ ಮನೆಯ ಶಹನಾಜ ನನ್ನ ಗೆಳತಿ. ನಾವಿಬ್ಬರೂ ಕೂಡಿ ಒಂದು ಮದುವೆಯ ಉಡುಗೊರೆಗೆಂದು ಹಳಿಯಾಳದ ಅಂಗಡಿಯಲ್ಲಿ ಕುಕ್ಕರ್ ಕೊಂಡಾಗ, ಇಬ್ಬರ ಹೆಸರಿನಲ್ಲೂ ಒಂದೇ ಚೀಟಿ ಬರೆದು ಅಂಗಡಿಯವರ ಲಕ್ಕಿ ಡ್ರಾ ಡಬ್ಬಿಗೆ ಹಾಕಿದೆವು. ನಮ್ಮ ಕಣ್ಣಿದ್ದದ್ದು ಎರಡನೆಯ ಬಹುಮಾನದ ಮಿಕ್ಸರಿನ ಮೇಲೆ. ದುರ್ದೈವದಿಂದ ಮೊದಲನೆಯದೇ ಬಂತು: ಇಬ್ಬರಿಗೆ ಪೂರ್ವ ಆಫ್ರಿಕಾದ ಏಳು ದಿನದ ಸಫಾರಿ. ಇಬ್ಬರೂ ಜೋಡಿಯಾಗಿಯೇ ಹೋಗಬೇಕು, ಒಬ್ಬರು ತಪ್ಪಿದರೆ ಇನ್ನೊಬ್ಬರದೂ ರದ್ದು ಎಂಬುದು ನಿಯಮ.

ನಾಲ್ಕು ಕಾಡುಗಳಲ್ಲಿ ಎರಡನ್ನು ಆರಿಸಿರೆಂದು ಟೂರು ಕಂಪನಿಯವರು ಕಾಗದ ಕಳಿಸಿದರು. ಅಂಬೋಸೆಲಿಯಲ್ಲಿ ಹಿಮದ ಗುಡ್ಡದ ಬುಡಕ್ಕೆ ಆನೆ ನೋಡಬಹುದಂತೆ. ನಮ್ಮ ಗೋವಿನಜೋಳಕ್ಕೆ ಹಾಲು ತುಂಬಿದ ವಾರ ಆನೆಗಳೇ ನಮ್ಮನ್ನು ನೋಡಲು ಬರುವುದರಿಂದ ಅದನ್ನು ಕೈಬಿಟ್ಟೆವು. ಸಾವೋದಲ್ಲಿ ಹಿಂದೊಂದು ಕಾಲಕ್ಕೆ ಸಿಂಹಗಳು ನಮ್ಮ ದೇಶದಿಂದ ಹೋದ ರೈಲ್ವೆ ಕೂಲಿಗಳನ್ನು ತಿಂದಿದ್ದವೆಂದು ತಿಳಿದು, ಕೆಲಸಗಾರರಿಗೆ ಭದ್ರತೆಯಿಲ್ಲದ ಕಡೆ ಹೆಜ್ಜೆ ಇಡಬಾರದೆಂದು ಯಜಮಾನರು ಯೂನಿಯನ್ ಕಾಲದ ದನಿ ತೆಗೆದು ಹೇಳಿದರು. ಆದರೂ ಮನುಷ್ಯರ ಮಾತಿನ ಮೇಲೆ ಬಿಡಬಾರದೆಂದು, ನಮ್ಮ ಮನೆಯ ಪದ್ಧತಿಯಂತೆ ದೇವಿಯ ಎರಡೂ ಭುಜಕ್ಕೆ ಹೂವಿಟ್ಟು ಒಂದೊಂದೇ ಕಾಡಿನ ಹೆಸರು ಹೇಳಿ ಪ್ರಸಾದ ಕೇಳಿದೆ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ರಾಜಹಂಸಗಳು ಒಂಟಿಗಾಲಿನ ತಪಸ್ಸಿಗೆ ನಿಂತಿರುವ ನಕುರು ಕೆರೆಗೆ ಬಲ ಬಿತ್ತು; ತಾವು ನದಿ ದಾಟುವ ಮಸಾಯಿ ಮಾರಾಕ್ಕೆ ಕೇಳುವಷ್ಟರಲ್ಲಿಯೇ ಬಲದ್ದು ಬಿತ್ತು.

ಇನ್ನು ದೂರಿಗೆ ಬರುತ್ತೇನೆ. ತಾವು ನದಿ ದಾಟುವುದು ಜುಲೈನಿಂದ ಅಕ್ಟೋಬರದ ತನಕವಂತೆ. ಅಧಿಕಮಾಸ ಬಂದ ಈ ವರ್ಷ ಹೊಂದಿಸಿ ನೋಡಿದರೆ, ಜುಲೈ ತುಂಬ ಆಷಾಢ, ಹೊಸ ಕೆಲಸಕ್ಕೆ ಹೊಸ್ತಿಲು ದಾಟುವಂತಿಲ್ಲ. ಆಗಸ್ಟಿಗೆ ಶ್ರಾವಣ, ವಾರಕ್ಕೆ ಮೂರು ಉಪವಾಸ. ಸೆಪ್ಟೆಂಬರಿನಲ್ಲಿ ಗಣಪತಿ ಎದ್ದರೆ ಪಿತೃಪಕ್ಷ, ತೀರಿಕೊಂಡ ಹಿರಿಯರು ಉಣ್ಣಲು ಬರುತ್ತಾರೆ. ಅಕ್ಟೋಬರಿಗೆ ದೇವಿಯ ಮುಂದೆ ನವರಾತ್ರಿಯ ಘಟ್ಟ, ಅಂದರೆ ಕಲಶ, ಕೂರಿಸಬೇಕು; ಒಂಬತ್ತು ದಿನ ದೀಪ ಆರಕೂಡದು, ಇಪ್ಪತ್ತೇಳು ವರ್ಷದಿಂದ ಅದಕ್ಕೆ ಎಣ್ಣೆ ಎರೆದದ್ದು ಈ ಕೈ. ಲಕ್ಷಗಟ್ಟಲೆ ತಲೆಗಳು ಕೂಡಿ ವಿಚಾರ ಮಾಡಿಯೂ ನಮ್ಮ ಪಂಚಾಂಗದ ಒಂದೊಂದು ಅಡಚಣೆಯನ್ನೂ ಇಷ್ಟು ಕರಾರುವಾಕ್ಕಾಗಿ ಹುಡುಕಿ ಮೈಮೇಲೆ ಎಳೆದುಕೊಂಡ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆ.

ನನ್ನದೂ ಒಂದು ತಪ್ಪಿದೆ. ಕಂಪನಿಯ ಫಾರಮಿನಲ್ಲಿ ಹೊರಡುವ ದಿನವನ್ನು ‘ಕಾರ್ತಿಕ ಶುದ್ಧ ಪಂಚಮಿ’ ಎಂದು ಬರೆದುಬಿಟ್ಟೆ. ಶಹನಾಜ ನನ್ನ ಮೇಲಿನ ಭರವಸೆಯಿಂದ ಓದದೆಯೇ ಕೆಳಗೆ ಸಹಿ ಹಾಕಿದಳು. ಆ ಹೊತ್ತಿಗೆ ತಾವೆಲ್ಲ ತಿರುಗಿ ಹೋಗಿರುತ್ತೀರಿ, ದಂಡೆಯಲ್ಲಿ ಹುಲ್ಲೂ ನೊಣವೂ ಉಳಿದಿರುತ್ತವೆ, ಮೇಲಾಗಿ ಬಹುಮಾನದ ತಾರೀಖು ಅಕ್ಟೋಬರಿನ ಎರಡನೆಯ ವಾರದಾಚೆ ಇಲ್ಲವೇ ಇಲ್ಲ, ಶನಿವಾರದೊಳಗೆ ತಿದ್ದಿ ಕಳಿಸದಿದ್ದರೆ ಇಬ್ಬರ ಹೆಸರೂ ಹೊಡೆದುಹಾಕುತ್ತೇವೆ ಎಂದು ಕಂಪನಿಯಿಂದ ಉತ್ತರ ಬಂದಿದೆ.

ನನ್ನ ಹೆಸರು ಹೊಡೆದರೆ ಚಿಂತೆಯಿಲ್ಲ. ಶಹನಾಜ ಸಿದ್ದಿ ಜನದವಳು. ನೂರಾರು ವರ್ಷಗಳ ಹಿಂದೆ ಅವಳ ಹಿರಿಯರನ್ನು ತಮ್ಮ ಕಡೆಯ ನೆಲದಿಂದ ಹಡಗಿನಲ್ಲಿ ತಂದರಂತೆ. ಅವಳು ಹುಟ್ಟಿದ್ದು ಇಲ್ಲಿ, ಬೈಯುವುದು ನನಗಿಂತ ಚೊಕ್ಕ ಕನ್ನಡದಲ್ಲಿ. ಆದರೂ ದಾಂಡೇಲಿಯ ಬಜಾರಿನಲ್ಲಿ ಪ್ರವಾಸಿಗಳು ಅವಳನ್ನು ನಿಲ್ಲಿಸಿ ಯಾವ ದೇಶವೆಂದು ಕೇಳುತ್ತಾರೆ. ಪಾಸ್‌ಪೋರ್ಟಿನ ತಪಾಸಣೆಗೆ ಬಂದವರು ನನ್ನನ್ನು ಚಹಾ ಕೇಳಿದರು, ಅವಳನ್ನು ಮೂರು ಸಲ ದೇಶ ಕೇಳಿದರು. ಅವಳಿಗೆ ತಮ್ಮನ್ನು ನೋಡುವ ಆಸೆಯೇನೂ ದೊಡ್ಡದಿಲ್ಲ, ಬೇಜಾರಾಗಬೇಡಿ. ಅವಳು ಹೇಳಿದ್ದಿಷ್ಟೇ: “ಅಲ್ಲಿ ಏಳು ದಿನ ನನ್ನ ಯಾರೂ ಕೇಳೂದಿಲ್ಲ ನೋಡವ್ವಾ. ಕೇಳಿದ್ರ ನಿನ್ನ ಕೇಳ್ತಾರ. ನಾ ಬಾಜೂಕ ನಿಂತು ಮಜಾ ನೋಡ್ತೇನಿ.” ಇಂಥ ಏಳು ದಿನವನ್ನು ನನ್ನ ಪಂಚಾಂಗ ತಿನ್ನುತ್ತಿದೆ.

ಆದ್ದರಿಂದ ತಾವು ದಯವಿಟ್ಟು ಕಾರ್ತಿಕದ ತನಕ ಈಚೆ ದಂಡೆಯಲ್ಲೇ ಮೇಯುತ್ತಿರಬೇಕು. ತಾವು ತಡೆದರೆ ಕಂಪನಿಯವರು ತಾವಾಗಿ ತಾರೀಖು ಮುಂದೂಡುತ್ತಾರೆ. ಮೊಸಳೆಗಳ ಊಟದ ಚಿಂತೆ ಬೇಡ. ನಾಲ್ಕು ತಿಂಗಳು ಅವುಗಳೂ ಸೋಮವಾರ ಹಿಡಿಯಲಿ, ಹಿಡಿಯುವ ಕ್ರಮ ನಾನು ಬರೆದು ಕಳಿಸುತ್ತೇನೆ. ಅಧಿಕಮಾಸ ಲೆಕ್ಕ ಹಾಕಬಲ್ಲ ಒಬ್ಬರನ್ನಾದರೂ ಹಿಂಡಿಗೊಬ್ಬರಂತೆ ನೇಮಿಸಿಕೊಳ್ಳಿ. ಎರಡು ದೇಶಗಳ ಗಡಿಯನ್ನು ಪಾಸ್‌ಪೋರ್ಟಿಲ್ಲದೆ, ಹತ್ತು ಬೆರಳಿನ ಗುರುತು ಕೊಡದೆ, ಸೂಜಿ ಚುಚ್ಚಿಸಿಕೊಳ್ಳದೆ, ಯಾವ ದೇಶವೆಂದು ಒಬ್ಬರಿಂದಲೂ ಕೇಳಿಸಿಕೊಳ್ಳದೆ ದಾಟುವ ಪುಣ್ಯವಂತರಿಗೆ ಇಷ್ಟು ಉಪಕಾರ ಭಾರವಾಗಲಾರದು.

ಮಳೆಗಾಲದ ಮುಂಚೆ ತಮ್ಮ ಕಡೆಯಿಂದ ನಮ್ಮ ಕಡೆಗೆ ಚಾತಕ ಪಕ್ಷಿ ಹಾರಿ ಬರುತ್ತದಂತೆ. ಉತ್ತರವನ್ನು ಅದರ ಕಡೆ ಕೊಟ್ಟು, ಮುಂಡಗೋಡದ ಅತ್ತಿವೇರಿ ಕೆರೆಯಲ್ಲಿ ಇಳಿಯಲು ಹೇಳಿ. ಶಹನಾಜಳ ಮೈದುನ ಇರ್ಫಾನ್ ಗೋವಿನಜೋಳ ಕೊಳ್ಳಲು ಬುಧವಾರ ಟಿಬೆಟನ್ ಕಾಲೊನಿಗೆ ಹೋಗುತ್ತಾನೆ. ಬರುವಾಗ ಕೆರೆಯ ಮೇಲೆ ಹಾಯ್ದು ಅವನೇ ತಮ್ಮ ಉತ್ತರ ತರಬೇಕೆಂದು ಈ ಮೂಲಕ ಅವನಿಗೂ ವಿನಂತಿ.

ಆಚೆ ದಂಡೆಯಿಂದ ತಮ್ಮ ವಿಶ್ವಾಸಿ,
ಸತ್ತೆವ್ವ, ತೇರಗಾಂವ

ತಾ.ಕ.: ಈ ಪತ್ರವನ್ನು ಶಹನಾಜಳಿಗೆ ಓದಿ ಹೇಳಿದೆ. “ಆ ಪ್ರಾಣಿಗೋಳಿಗೆ ಇಷ್ಟುದ್ದ ಬರಿಯೂ ಬದ್ಲಿ ನಿಮ್ಮ ದೇವೀನ್ನ ಒಂದ್ ಮಾತು ಕೇಳಿದ್ದರ ಆಗ್ತಿತ್ತಲ್ಲ” ಎಂದಳು. ದೀಪದ ಮಾತೆತ್ತಲು ಇಷ್ಟು ದಿನ ನನಗೆ ಬಾಯಿ ಬಂದಿರಲಿಲ್ಲ. ಕೈಕಾಲು ತೊಳೆದು ಹೂವಿಟ್ಟು, ಈ ವರ್ಷ ದೀಪಕ್ಕೆ ಬೇರೆ ಕೈ ಎಣ್ಣೆ ಎರೆದರೆ ನಡೆದೀತೇ ಎಂದು ಕೇಳಿದೆ, ಬಲದ್ದು ಬಿತ್ತು. ತಮಗಿಂತ ದೇವಿಯೇ ಬೇಗ ಜರುಗಿದಳು. ಘಟ್ಟದ ದೀಪ ಯಜಮಾನರಿಗೆ ಒಪ್ಪಿಸಿದ್ದೇನೆ. ಮೂವತ್ತು ವರ್ಷ ಬಾಯ್ಲರ್ ಆರದಂತೆ ಕಾದವರು ಒಂದು ಬತ್ತಿ ಕಾಯಲಾರರೇ. ಅಕ್ಟೋಬರಿನಲ್ಲಿ ಬರುತ್ತೇವೆ, ದಾಟುವುದು ಬಿಡುವುದು ತಮ್ಮ ಇಚ್ಛೆ. ದಂಡೆಯ ಮೇಲೆ ಇಬ್ಬರು ಹೆಂಗಸರು ಕಂಡರೆ ಯಾವ ದೇಶವೆಂದು ಕೇಳಬೇಡಿ. ಇಬ್ಬರೂ ತೇರಗಾಂವದವರು.