ಕುಣಿತದ ವೈರಿ ನಾರ್ಬರ್ಟ್

ಆ ಭಾನುವಾರ ಬೆಳಿಗ್ಗೆ ಬಫಲೋ ನಗರದ ನಾರ್ಬರ್ಟ್ ಪಿಲಾರ್ಸ್ಕಿ ಕಾಫಿ ಹೀರುತ್ತ ಭೀಷ್ಮಪ್ರತಿಜ್ಞೆ ಮಾಡಿದ. ಇವತ್ತು ಅಳಿಯ ಬಂದು ತಲೆ ಕೆಳಗಾಗಿ ಕುಣಿದರೂ ತಾನು ತುಟಿಪಿಟಕ್ಕೆನ್ನುವುದಿಲ್ಲ!

ಪಿಯೆರೋಗಿ ಕಡುಬಿಗೆ ಆಲೂಗಡ್ಡೆ ತುಂಬುತ್ತಿದ್ದ ಹೆಂಡತಿ ಬರ್ನಾಡೆಟ್ ತಲೆ ಎತ್ತಲಿಲ್ಲ. "ನಿನ್ನ ತುಟಿ ನಂಬಬಹುದು ಮಹಾರಾಯ. ಮೂಗಲ್ಲಿ ಹ್ಞೂಂ ಅಂತೀಯಲ್ಲ, ಅದನ್ನ ಯಾರು ಕಟ್ಟಿಹಾಕ್ತಾರೆ?"

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನ ವಿಷಯದಲ್ಲಿ ನಾರ್ಬರ್ಟನ ಮತ ಕಲ್ಲಿನಲ್ಲಿ ಕೆತ್ತಿದ್ದು. ಗೆರೆ ದಾಟಿ ಟಚ್‌ಡೌನ್ ಗಳಿಸಿದವನು ಚೆಂಡನ್ನು ರೆಫರಿಯ ಕೈಗಿಟ್ಟು ಮರ್ಯಾದೆಯಿಂದ ಬೆಂಚಿಗೆ ಬಂದು ಕೂರಬೇಕು. ಸೊಂಟ ತಿರುಗಿಸುವುದು, ನಾಲ್ಕು ಜನ ಸಾಲಾಗಿ ಕೂತು ದೋಣಿಗೆ ಹುಟ್ಟು ಹಾಕುವಂತೆ ನಟಿಸುವುದು, ಇವೆಲ್ಲ ನಾಗರಿಕತೆಯ ಅಂತ್ಯಕಾಲದ ಲಕ್ಷಣಗಳು. ಕ್ರೀಡಾಂಗಣದ ಹೊರಗೆ ಮಡಚುವ ಮೇಜಿನ ಮೇಲೆ ಹಾರಿ ಅದನ್ನು ಪುಡಿಮಾಡುವ ಊರಿನ ಹುಡುಗರಂತೂ ನೇರ ನರಕಕ್ಕೆ. ತಾನು ಆಯುಷ್ಯವಿಡೀ ಅಂಚೆ ಹಂಚಿದವನು, ಒಂದು ಮನೆಯ ಮುಂದಾದರೂ ಕುಣಿದಿದ್ದೇನೆಯೇ ಎಂದು ಅವನು ಕೇಳುತ್ತಿದ್ದ. ಕುಣಿದಿದ್ದರೆ ಕ್ರಿಸ್‌ಮಸ್‌ಗೆ ಆ ಮನೆಗಳಿಂದ ಉಡುಗೊರೆಯಾಗಿ ಒಂದೆರಡು ಬಾಟಲಿ ಹೆಚ್ಚು ಸಿಗುತ್ತಿತ್ತು ಎನ್ನುವುದು ಬರ್ನಾಡೆಟ್‌ಳ ಉತ್ತರ.

ಈ ಮತವೇ ಮನೆಗೆ ಮುಳುವಾಗಿತ್ತು. ಕಳೆದ ವರ್ಷ ನೆಲಮಾಳಿಗೆಯ ಟೀವಿಯ ಮುಂದೆ ಅಳಿಯ ಡೇರಿಯಸ್ ಕುಣಿದಾಗ, ಇದು ಮನೆಯೋ ಸರ್ಕಸ್ಸೋ ಎಂದು ನಾರ್ಬರ್ಟ್ ಅಂದುಬಿಟ್ಟಿದ್ದ. ಡೇರಿಯಸ್ ಶಾಲೆಯಲ್ಲಿ ಬ್ಯಾಂಡ್ ಕಲಿಸುವವನು. ಸುಮ್ಮನೆ ನಿಂತಾಗಲೂ ಅವನ ಕಾಲು ತಾಳ ಹಾಕುತ್ತದೆ. ಮಗಳು ಜೋಲೀನ್ ಇಬ್ಬರ ಕೋಟುಗಳನ್ನೂ ಎತ್ತಿಕೊಂಡು ಹೊರಟವಳು ಮತ್ತೆ ಆಟದ ದಿನ ಇತ್ತ ತಲೆಹಾಕಿರಲಿಲ್ಲ. ಬರ್ನಾಡೆಟ್ ಕಾಡಿ ಬೇಡಿ ಇವತ್ತು ಕರೆಸಿದ್ದಳು.

"ಇವತ್ತೂ ಕೆಡಿಸಿದ್ರೆ ಅವ್ರು ಇನ್ಮೇಲೆ ಡೇರಿಯಸ್ ಅಮ್ಮನ ಮನೇಲೇ ಆಟ ನೋಡ್ತಾರೆ," ಎಂದಳು ಅವಳು. "ನಾನೂ ಅಲ್ಲಿಗೇ ಹೋಗ್ತೀನಿ. ಪಿಯೆರೋಗಿ ಸಮೇತ."

ಮಧ್ಯಾಹ್ನ ಮಗಳು ಅಳಿಯ ಬಂದರು. ನಮ್ಮೂರ ತಂಡದ ಮೊದಲ ಟಚ್‌ಡೌನ್ ಬಿದ್ದಾಗ ಡೇರಿಯಸ್ ಪಾಪ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತ. ಅಳಿಯ ಕುಣಿಯದಿದ್ದರೇನು, ಟೀವಿಯೊಳಗಿನ ಆಟಗಾರ ಕುಣಿದ. ಅದೂ ಎಂಥ ಕುಣಿತ! ನಾರ್ಬರ್ಟನ ಗಂಟಲವರೆಗೆ ಮಾತು ಬಂತು. ಮೂಗಿನವರೆಗೆ ಹ್ಞೂಂ ಬಂತು. ಸಾಸ್ ತರುತ್ತೇನೆಂದು ಗೊಣಗಿ ಅವನು ಪಕ್ಕದ ಬಟ್ಟೆ ಒಗೆಯುವ ಕೋಣೆಗೆ ಓಡಿದ. ಊಟದ ಸಾಮಾನೆಲ್ಲ ಅಲ್ಲಿ ಮಡಚುವ ಮೇಜಿನ ಮೇಲಿತ್ತು. ಅವನು ಅಲ್ಲಿದ್ದಾಗಲೇ ನಮ್ಮವರು ಇನ್ನೊಂದು ಟಚ್‌ಡೌನ್ ಗಳಿಸಿದರು. ಬಂದು ಕೂತ, ಎದುರಾಳಿಗಳು ಗಳಿಸಿದರು. ಕಾಗದದ ಕರವಸ್ತ್ರ ತರಲು ಹೋದ, ಮತ್ತೆ ನಮ್ಮವರು ಗಳಿಸಿದರು. ಬಂದು ಕೂತ, ಎದುರಾಳಿಗಳು ಮೇಲಿಂದ ಮೇಲೆ ಗಳಿಸಿ ಮುಂದೆ ಹೋದರು.

ಎಲ್ಲರೂ ಅವನತ್ತ ತಿರುಗಿದರು. ಬಫಲೋದಲ್ಲಿ ಇದಕ್ಕೆ ಕಾನೂನಿದೆ. ಯಾರು ಹೊರಗಿದ್ದಾಗ ನಮ್ಮವರಿಗೆ ಅಂಕ ಬರುತ್ತದೋ ಅವರು ಆಟ ಮುಗಿಯುವ ತನಕ ಹೊರಗೇ ಇರಬೇಕು. ಈ ಕಾನೂನನ್ನು ನಾರ್ಬರ್ಟನಷ್ಟು ಕಟ್ಟುನಿಟ್ಟಾಗಿ ನಡೆಸಿದವರಿಲ್ಲ. ಒಮ್ಮೆ ನಾದಿನಿಯನ್ನು ಅರ್ಧ ಆಟದ ಹೊತ್ತು ಹಿಮದಲ್ಲಿ ನಿಲ್ಲಿಸಿದ್ದ.

"ನನ್ನ ತಂಗಿಗೆ ಇವತ್ತಿಗೂ ಕಿವಿ ನೋಯುತ್ತೆ," ಎಂದು ಬರ್ನಾಡೆಟ್ ಬಾಗಿಲು ತೋರಿಸಿದಳು. "ನೀನು ನಡಿ."

ಹೀಗೆ ಮನೆಯ ಯಜಮಾನ ಒಗೆಯುವ ಯಂತ್ರದ ಪಕ್ಕ ಸೆರೆಯಾಳಾದ. ಆಟ ಮುಗಿಯುತ್ತ ಬಂದಿತ್ತು, ಗೆಲ್ಲಲು ಇನ್ನೊಂದು ಟಚ್‌ಡೌನ್ ಬೇಕೇಬೇಕು. ಬಾಗಿಲಿಗೆ ಕಿವಿ ಹಚ್ಚಿದರೆ ಪಿಸುಮಾತು ಮಾತ್ರ. ಆಮೇಲೆ ಅದೂ ಇಲ್ಲ. ಅಷ್ಟರಲ್ಲಿ ಚೀತ್ಕಾರ! ಬರ್ನಾಡೆಟ್ ಅಳುತ್ತಿದ್ದಾಳೆ, ಜೋಲೀನ್ ನಗುತ್ತಿದ್ದಾಳೆ.

ಗೆದ್ದೆವು!

ನಾರ್ಬರ್ಟನ ಕಾಲು ಅವನ ಅಪ್ಪಣೆ ಕೇಳಲಿಲ್ಲ. ಸೊಂಟ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಒಗೆದ ಬಟ್ಟೆಯ ಬುಟ್ಟಿಯನ್ನು ಎದೆಗಪ್ಪಿಕೊಂಡು ಗಿರಗಿರನೆ ತಿರುಗಿದ. ನೋಡುವವರಿಲ್ಲದ ಕಡೆ ಎಂಥ ಪತಿವ್ರತೆಯ ವ್ರತವೂ ಸಡಿಲವಾಗುತ್ತದೆ. ಮೂರನೆಯ ಸುತ್ತಿಗೆ ಪಾದಕ್ಕೆ ಕಾಲುಚೀಲ ಸಿಕ್ಕಿ, ಹಿಮ್ಮುಖನಾಗಿ ಸರ್ವಾಂಗಸಮೇತ ಮಡಚುವ ಮೇಜಿನ ಮೇಲೆ ಬಿದ್ದ. ಮೇಜು ಮಡಚಿಕೊಂಡಿತು. ಸಾಸಿನ ಪಾತ್ರೆ ಅವನ ಎದೆಯ ಮೇಲೆ ಮಗುಚಿತು.

ಬಾಗಿಲು ತೆರೆದಾಗ ಅವನು ಕೋಳಿಯ ತುಂಡುಗಳ ನಡುವೆ ಎರಡೂ ಕೈ ಮೇಲೆತ್ತಿ ಮಲಗಿದ್ದ.

"ಅಪ್ಪಾ," ಜೋಲೀನ್ ಕಣ್ಣೊರೆಸಿಕೊಂಡಳು, "ನಿನಗೆ ಇಷ್ಟೊಂದು ಸಂತೋಷ ಆಗುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ."

"ಆಗದೆ ಇರುತ್ತಾ? ಎಷ್ಟಕ್ಕೆ ಗೆದ್ವಿ?"

ಬರ್ನಾಡೆಟ್ ಬಿಡಿಸಿ ಹೇಳಿದಳು. "ಆಟ ಇನ್ನೂ ಮುಗಿದಿಲ್ಲ, ಟೀವೀಲಿ ಜಾಹೀರಾತು ಬಂದಿದೆ. ಜೋಲೀನ್ ಬಸುರಿ."

ನಾರ್ಬರ್ಟ್ ಬಿದ್ದಲ್ಲೇ ಮಗಳನ್ನು ನೋಡಿದ, ಅಳಿಯನನ್ನು ನೋಡಿದ. ಬಾಗಿಲಾಚೆಯಿಂದ ಸುದ್ದಿ ಕೇಳಿಯೇ ಅಪ್ಪ ಕುಣಿದ ಎಂದು ಮಗಳು ನಂಬಿದ್ದಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಎದೆ ತುಂಬಿ ಬಂದಾಗ ಸುಳ್ಳು ಬಾಯಿಗೆ ಬರಲೊಲ್ಲದು. "ನಾನು ಟಚ್‌ಡೌನ್ ಅಂದ್ಕೊಂಡು ಕುಣಿದೆ ಮಗಳೇ," ಎಂದ. "ಇದು ಗೊತ್ತಿದ್ದಿದ್ರೆ ಚಾವಣಿ ಕಿತ್ತುಹಾಕ್ತಿದ್ದೆ."

ಡೇರಿಯಸ್ ನಗುತ್ತ ಬಗ್ಗಿ ಮಾವನನ್ನು ಎತ್ತಿದ. ಬಿದ್ದವನ ಸೊಂಟ ಹಿಡಿದುಕೊಂಡಿತ್ತು. ಒಳಗೆ ಕರೆತಂದರೆ ಆಟ ಕೆಡುತ್ತದೆಂದು ನಾರ್ಬರ್ಟನೇ ತಕರಾರು ಮಾಡಿದ, ಕಾನೂನು ಕಾನೂನೇ.

"ಕೆಟ್ರೆ ಕೆಡ್ಲಿ ಮಾವ," ಎಂದ ಡೇರಿಯಸ್. "ನೀವು ಒಳಗಿರಿ."

ಎಲ್ಲರೂ ಸೋಫಾದಲ್ಲಿ ಒತ್ತೊತ್ತಾಗಿ ಕೂತರು. ಕೊನೆಯ ಗಳಿಗೆ. ಚೆಂಡು ಮೇಲೆ ಹಾರಿತು, ನಮ್ಮವನೊಬ್ಬ ಹಿಡಿದ, ಗೆರೆ ದಾಟಿದ. ಗೆದ್ದೇ ಗೆದ್ದರು!

ಆದರೆ ಡೇರಿಯಸ್‌ನ ಅಂಗೈಗಳು ಅಭ್ಯಾಸಬಲದಿಂದ ಮತ್ತೆ ತೊಡೆಯ ಕೆಳಗೆ ಹೋಗಿದ್ದವು. ನಾರ್ಬರ್ಟ್ ಏಳಲು ನೋಡಿದ, ಸೊಂಟ ಚುಳ್ಳೆಂದಿತು, ಕೂತ.

"ನನ್ನ ಕೈಲಾಗಲ್ಲ ಕಣಪ್ಪ," ಎಂದ. "ನನ್ನ ಪಾಲಿಂದೂ ನೀನೇ ಕುಣಿ."

ಡೇರಿಯಸ್ ಎದ್ದ. ಒಂದು ವರ್ಷದ ಬಾಕಿಯೆಲ್ಲ ತೀರುವ ಹಾಗೆ ಕುಣಿದ. ಜೋಲೀನ್ ಚಪ್ಪಾಳೆ ತಟ್ಟಿದಳು, ದೀಪದ ಬುರುಡೆ ಅಲುಗಾಡಿತು. ಬೆವರೊರೆಸುತ್ತ ಅವನು ಕೂರಲು ಬಂದಾಗ ನಾರ್ಬರ್ಟ್ ಕೈ ಅಡ್ಡ ಹಿಡಿದ.

"ಅದು ನಿಂದಾಯ್ತು. ಇನ್ನು ನಂದು ಕುಣಿ."