ಲಿಫ್ಟ್ ರಿಪೇರಿಯವನ ಶಿಖರಾರೋಹಣ

ಲಿಫ್ಟ್ ರಿಪೇರಿ ಮಾಡುವುದು ನನ್ನ ಕಸುಬು. ಊರಿನ ಅರ್ಧ ಜನ ಮೆಟ್ಟಿಲು ಹತ್ತದೆ ಹಾಯಾಗಿರುವುದು ನನ್ನ ಕೃಪೆಯಿಂದ. (ಅವರ ಬೊಜ್ಜಿಗೂ ನೀವೇ ಕಾರಣ ಎನ್ನುತ್ತಾಳೆ ನನ್ನ ಹೆಂಡತಿ. ಇರಲಿ.) ಇಂಥ ಲೋಕೋಪಕಾರಿಯ ಬಗ್ಗೆ ಏಳು ವರ್ಷದ ನನ್ನ ಮಗಳು ಶಾಲೆಯಲ್ಲಿ ಎಲ್ಲರೆದುರು ಹೇಳಿದ್ದೇನು ಗೊತ್ತೇ? "ನಮ್ಮ ಮಾಮ ಬೆಟ್ಟ ಹತ್ತುತ್ತಾರೆ. ನಮ್ಮಪ್ಪ ಲಿಫ್ಟ್ ಹತ್ತುತ್ತಾರೆ."

ಮಾಮ ಎಂದರೆ ನನ್ನ ಹೆಂಡತಿಯ ತಮ್ಮ. ಯಾವುದೋ ಶಿಖರದ ತುದಿಯಲ್ಲಿ ಹಲ್ಲು ಕಿರಿದು ನಿಂತ ಅವನ ಫೋಟೋ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ವಿರಾಜಮಾನವಾಗಿದೆ. ತಣ್ಣೀರು ಕುಡಿಯಬೇಕೆಂದರೂ ಮೊದಲು ಅವನ ದರ್ಶನ ಪಡೆಯಬೇಕು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಮಕ್ಕಳ ಬಾಯಲ್ಲಿ "ನಮ್ಮಪ್ಪ ಬೆಟ್ಟ ಹತ್ತಿದ್ರು" ಅನ್ನಿಸಿಯೇ ತೀರುತ್ತೇನೆಂದು ನಿರ್ಧರಿಸಿದೆ.

"ಮುಂದಿನ ತಿಂಗಳು ನಾವೆಲ್ಲ ಬೆಟ್ಟ ಹತ್ತೋಣ. ತುದೀಲೇ ಟೆಂಟ್ ಹಾಕಿ ಮಲಗೋಣ," ಎಂದು ಊಟದ ಹೊತ್ತಿಗೆ ಘೋಷಿಸಿದೆ.

"ಹತ್ತೋಣ. ಮೊದಲು ಸೋಫಾದಿಂದ ಏಳೋದು ಅಭ್ಯಾಸ ಮಾಡ್ಕೊಳ್ಳಿ," ಎಂದಳು ಹೆಂಡತಿ.

ವಿರೋಧ ಪಕ್ಷದ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಶಿಖರಾರೋಹಣ ಮಹಾಮಂಡಳಿಯ ಸ್ವಯಂಘೋಷಿತ ಅಧ್ಯಕ್ಷನಾಗಿ ಕೆಲಸ ಶುರು ಮಾಡಿದೆ. ಟೆಂಟು, ಒಲೆ, ಹಗ್ಗ, ಎಲ್ಲರ ಹೊದಿಕೆ, ಬೆಚ್ಚನೆಯ ಬಟ್ಟೆ ಎಲ್ಲವನ್ನೂ ಒಂದೇ ಬ್ಯಾಗಿಗೆ ತುರುಕಿದೆ. ಮಗಳು ಗೊಂಬೆಗಳ ಇಡೀ ವಂಶವನ್ನೇ ಹೊತ್ತು ತಂದಳು. ಮೂರು ವರ್ಷದ ಮಗ, ಬೆಳಗಿನ ಕೆಲಸಕ್ಕೆ ಕೂರುವ ತನ್ನ ಹಸಿರು ಪ್ಲಾಸ್ಟಿಕ್ ಸಿಂಹಾಸನವನ್ನು ದರದರ ಎಳೆದುಕೊಂಡು ಬಂದ.

"ಇದು ಬೇಡ ಪುಟ್ಟಾ. ಬೆಟ್ಟದ ಮೇಲೆ ಬೇಕಾದಷ್ಟು ಜಾಗ ಇರುತ್ತೆ!"

"ಅದಿಲ್ಲದೆ ಅವನು ಕೂರಲ್ಲ ರೀ. ತುದೀಲಿ ಹಟ ಹಿಡಿದ್ರೆ ನೀವು ಕೆಳಗಿಳಿದು ಬಂದು ತಗೊಂಡು ಹೋಗ್ತೀರಾ?"

ಸಿಂಹಾಸನವೂ ಬ್ಯಾಗಿನೊಳಗೆ ಸೇರಿತು.

"ಇಷ್ಟನ್ನೂ ಹೊತ್ತು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ತೋರಿಸಿ, ನೋಡೋಣ," ಎಂದು ಹೆಂಡತಿ ಸವಾಲು ಹಾಕಿದಳು. ಏಳು ಮಹಡಿ ತಾನೇ? ಭಾನುವಾರ ಬೆಳಿಗ್ಗೆ ತಾಲೀಮು ಎಂದು ನಿಗದಿಯಾಯಿತು. ಮಕ್ಕಳು ಮೋಸ ಮಾಡಿ ಲಿಫ್ಟಿಗೆ ನುಗ್ಗಬಾರದೆಂದು ನಾನೇ ಮೊದಲು ಲಿಫ್ಟಿನಲ್ಲಿ ತಾರಸಿಗೆ ಹೋಗಿ, ಅಲ್ಲಿನ ಮೋಟಾರು ಕೋಣೆಯಲ್ಲಿ ಲಿಫ್ಟಿನ ಮೇನ್ ಸ್ವಿಚ್ ಆರಿಸಿ, ಬೀಗ ಜಡಿದು, ಕೀಲಿ ಜೇಬಿಗಿಟ್ಟು ನಡೆದೇ ಇಳಿದೆ. (ಇಳಿಯುವುದರಲ್ಲಿ ನನಗೆ ಸಾಟಿಯಿಲ್ಲ.)

ಮೊದಲ ಮಹಡಿಯನ್ನು ಸಿಳ್ಳೆ ಹಾಕುತ್ತ ಹತ್ತಿದೆ. ಎರಡನೆಯದರಲ್ಲಿ ಸಿಳ್ಳೆ ನಿಂತಿತು. ಮೂರನೆಯದರಲ್ಲಿ ಗೋಡೆಗೆ ಬಳಿದ ಸುಣ್ಣದ ಗುಣಮಟ್ಟವನ್ನು ಬಹಳ ಹೊತ್ತು ಪರಿಶೀಲಿಸಿದೆ. ನಾಲ್ಕನೆಯದಕ್ಕೆ ಕಾಲಿಟ್ಟದ್ದೇ ತಡ, ಮೀನಖಂಡ ಹಿಡಿದುಕೊಂಡಿತು, ಬ್ಯಾಗು ಹಿಂದಕ್ಕೆಳೆಯಿತು, ನಾನು ಮಗುಚಿದ ಆಮೆಯ ಹಾಗೆ ಅಂಗಾತ ಬಿದ್ದೆ.

"ಅಪ್ಪಾ, ನಾವು ತುದಿ ಮುಟ್ಟಿದ್ವಿ!" ಮೇಲಿನಿಂದ ಮಗಳ ಕೂಗು ಕೇಳಿತು.

ಅಷ್ಟರಲ್ಲಿ ಆರನೇ ಮಹಡಿಯ ನಿವೃತ್ತ ಮೇಷ್ಟ್ರು ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಬಂದರು. "ಇಲ್ಲಿ ಮಲಗಿದ್ದೀಯೇನಪ್ಪಾ? ಲಿಫ್ಟ್ ನಿಂತು ಹೋಗಿದೆ. ಬೇಗ ಮೇಲೆ ಹೋಗಿ ಸರಿ ಮಾಡು ಮಾರಾಯ."

ನಾನು ಮೇಲೆ ಹೋಗಲು ಲಿಫ್ಟ್ ಬೇಕಿತ್ತು. ಲಿಫ್ಟ್ ಬರಲು ನಾನು ಮೇಲೆ ಹೋಗಬೇಕಿತ್ತು. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಕೆಟ್ಟ ರಿಪೇರಿಯನ್ನು ನಾನು ನೋಡಿರಲಿಲ್ಲ.

ಕೊನೆಗೆ ಹೆಂಡತಿಯೇ ಇಳಿದು ಬಂದು, ನನ್ನ ಜೇಬಿನಿಂದ ಕೀಲಿ ತೆಗೆದುಕೊಂಡಳು. ನನ್ನ ಬೆನ್ನಿನಿಂದ ಬ್ಯಾಗನ್ನೂ ಬಿಚ್ಚಿ ತನ್ನ ಹೆಗಲಿಗೇರಿಸಿಕೊಂಡು, "ಇಷ್ಟೇನಾ? ನಿದ್ದೆ ಹೋದ ನಿಮ್ಮ ಮಗನೇ ಇದಕ್ಕಿಂತ ಭಾರ," ಎನ್ನುತ್ತ ಸರಸರ ಹತ್ತಿ ಹೋದಳು. ಸ್ವಲ್ಪ ಹೊತ್ತಿಗೆ ಲಿಫ್ಟ್ ಬಂತು. ಮೇಷ್ಟ್ರು ನನ್ನನ್ನು ಅದರೊಳಗೆ ತಳ್ಳಿ, ಗುಂಡಿಯನ್ನೂ ತಾವೇ ಒತ್ತಿದರು.

ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, "ಬೆಟ್ಟದ ಕಾರ್ಯಕ್ರಮ ರದ್ದು ಮಾಡೋಣ ಬಿಡು. ಮಕ್ಕಳಿಗೆ ಕಷ್ಟ ಆಗುತ್ತೆ," ಎಂದೆ.

"ರದ್ದು ಯಾಕೆ? ನನ್ನ ತಮ್ಮನಿಗೆ ಫೋನ್ ಮಾಡಿದ್ದೆ. ನಿಮ್ಮ ಬದಲು ಅವನು ಬರ್ತಾನೆ. ನಿಮ್ಮ ಬಟ್ಟೆ ಹೊದಿಕೆ ತೆಗೆದಿಟ್ಟೆ ನೋಡಿ, ಬ್ಯಾಗು ಹೂವಿನ ಹಾಗಾಯ್ತು."

ನನ್ನ ಮುಖ ಹೇಗಾಗಿತ್ತೋ ಏನೋ. ಮಗಳು ಪಕ್ಕಕ್ಕೆ ಬಂದು ಕೂತು ನನ್ನ ಬೆನ್ನು ಸವರಿದಳು.

"ಅಳಬೇಡ ಅಪ್ಪಾ. ನೀನು ಇನ್ನೂ ಸ್ವಲ್ಪ ದೊಡ್ಡವನಾಗು. ಆಮೇಲೆ ನಿನ್ನನ್ನೂ ಕರ್ಕೊಂಡು ಹೋಗ್ತೀವಿ."