ಊರಿಗೆ ಬಾರದ ಜ್ವರ

ಆಗ ನನಗೆ ಅರವತ್ತೆಂಟು. ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಮಂದಿ ದೇವರ ಹತ್ತಿರ ಆಯುಷ್ಯ ಬೇಡುತ್ತಾರೆ. ನಾನು ಮೊಮ್ಮಗಳಿಗೆ ಸಣ್ಣದೊಂದು ಜ್ವರ ಬೇಡುತ್ತಿದ್ದೆ. ತೀರ ದೊಡ್ಡದಲ್ಲ, ಮೂರು ದಿನಕ್ಕೆ ಬಿಡುವಂಥದ್ದು.

ಶೋಭಾ ನನ್ನ ಮಗನ ಮಗಳು, ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ವಿಶ್ವವಿದ್ಯಾಲಯಕ್ಕೆ ಓದಲು ಹೋದಾಗ ಅಲ್ಲಿ ಆಕೆಗೊಂದು ವಿಮೆಯ ಕಾರ್ಡು ಕೊಟ್ಟಿದ್ದರು. ಅದು ನಮ್ಮ ನಿಪ್ಪಾಣಿಯ ದವಾಖಾನೆಯಲ್ಲೂ ನಡೆಯುತ್ತಿತ್ತು. ಹೀಗಾಗಿ ನೆಗಡಿ ಕೆಮ್ಮಿಗೆ ತಿರುಗಿದರೆ ಸಾಕು, ಹುಡುಗಿ ನಿಪ್ಪಾಣಿ ಪಕ್ಕದ ನಮ್ಮೂರು ಅಕ್ಕೋಳಕ್ಕೆ ಹಾಜರು. ಇಂಜೆಕ್ಷನ್ ನಿಪ್ಪಾಣಿಯಲ್ಲಿ, ಗಂಜಿ ನನ್ನ ಒಲೆಯ ಮೇಲೆ. ಜ್ವರ ಬಿಟ್ಟ ಮೇಲೂ ನಾನು ಹಣೆ ಮುಟ್ಟಿ, ಇನ್ನೂ ಬಿಸಿ ಐತಿ ಎಂದು ಎರಡು ದಿನ ಹಿಡಿದಿಡುತ್ತಿದ್ದೆ. ಬೀಡಿ ಕಟ್ಟಿ ಕಟ್ಟಿ ನನ್ನ ಬೆರಳು ಜಡ್ಡುಗಟ್ಟಿವೆ, ಬಿಸಿ-ತಂಪು ಅವಕ್ಕೆ ತಿಳಿಯುವುದಿಲ್ಲ ಎನ್ನುವುದು ಬೇರೆ ಮಾತು.

ಎರಡನೆಯ ವರ್ಷ ವಿಮೆ ಬದಲಾಯಿತು. ಇನ್ನು ಮೇಲೆ ವಿಶ್ವವಿದ್ಯಾಲಯದ ಪಕ್ಕದ ದೊಡ್ಡ ದವಾಖಾನೆಯಲ್ಲೇ ತೋರಿಸಬೇಕು, ಬೇರೆ ಕಡೆ ಕಾರ್ಡು ನಡೆಯುವುದಿಲ್ಲ. ಅಲ್ಲಿ ಒಳ್ಳೆಯ ಡಾಕ್ಟರು, ಮೆತ್ತನೆ ಗಾದಿ, ಎರಡು ಹೊತ್ತು ಹಾಲು ಎಂದು ಮಗ ಖುಷಿಪಟ್ಟ. ನಾನು ಆ ಹಾಲಿಗೆ ಮನಸ್ಸಿನಲ್ಲೇ ಹುಳಿ ಹಿಂಡಿದೆ. ಮಳೆಗಾಲ ಹೋಯಿತು, ಚಳಿ ಬಂತು, ಹುಡುಗಿ ಬರಲಿಲ್ಲ.

ನೀನೇ ಹೋಗಿ ನೋಡಿ ಬರಬಹುದಿತ್ತಲ್ಲ ಎನ್ನುತ್ತೀರಿ. ನಮ್ಮಲ್ಲಿ ಸುಮ್ಮನೆ ಯಾರೂ ಯಾರನ್ನೂ ನೋಡಲು ಹೋಗುವುದಿಲ್ಲ. ಮದುವೆ, ಮಣ್ಣು, ಇಲ್ಲವೇ ದವಾಖಾನೆ. ದವಾಖಾನೆಯಾದರೆ ಮೋಸಂಬಿ, ಬ್ರೆಡ್ಡು ಹಿಡಿದು ಟೆಂಪೊ ತುಂಬ ಜನ ಮಾತಾಡಿಸಲು ಹೊರಡುತ್ತಾರೆ. ನೆಟ್ಟಗಿರುವ ಹುಡುಗಿಯ ಹಾಸ್ಟೆಲಿಗೆ ಮುದುಕಿ ಹೋದರೆ, ಏನೋ ಎಡವಟ್ಟಾಗಿದೆ ಎಂದು ಓಣಿಯೇ ಆಡಿಕೊಳ್ಳುತ್ತದೆ.

ಪಕ್ಕದ ಮನೆಯ ಗೌರವ್ವನ ಮುಂದೆ ಇದನ್ನು ಹೇಳಿಕೊಂಡೆ. ಆಕೆ ಬಾಯೊಳಗಿನ ಎಲೆಅಡಿಕೆ ಉಗಿದು ಬಂದು, "ಮೊಮ್ಮಗಳಿಗಿ ಜ್ವರಾ ಬರ್ಲಿ ಅಂತ ಹಾದಿ ಕಾಯೂ ಮುದುಕಿನ್ನ ನಾ ಎಲ್ಲೂ ನೋಡಿಲ್ಬೇ," ಎಂದಳು.

ಒಂದು ಸಂಜೆ ಶೋಭಾಳ ಫೋನು ಬಂತು. ಜ್ವರ ಬಂದು, ಆ ದವಾಖಾನೆಯಲ್ಲಿ ಮಲಗಿ, ಆರಾಮಾಗಿ ಹಾಸ್ಟೆಲಿಗೂ ಮರಳಿದ್ದಳಂತೆ. ಯಾಕೆ ಹೇಳಲಿಲ್ಲ ಎಂದು ಬೈದೆ.

"ಹೇಳಿದ್ರ ಅಪ್ಪಾ ಕೆಲಸಾ ಬಿಟ್ಟು ಓಡಿ ಬರ್ತಿದ್ದ, ಆಯಿ. ಎಲ್ಲಾ ಚಲೋ ಇತ್ತು. ಹಾಲೂ ಕೊಟ್ರು. ಬಾಜೂ ಕಾಟಿನ ಮ್ಯಾಲಿನಾಕಿನ್ನ ಮಾತಾಡ್ಸಾಕ ಭಾಳ ಮಂದಿ ಬಂದಿದ್ರು. ಅವ್ರಾಗ ಒಬ್ಬಾಕಿ ನನಗೂ ಒಂದ್ ಮೋಸಂಬಿ ಕೊಟ್ಲು."

ನಾನು ಬೇಡಿದ ಜ್ವರವನ್ನು ದೇವರು ಕೊಟ್ಟಿದ್ದ. ವಿಳಾಸ ಮಾತ್ರ ಹೊಸ ವಿಮೆಯದು. ನನ್ನ ಮೊಮ್ಮಗಳು ಬೇರೆಯವರ ಮೋಸಂಬಿ ತಿಂದಳು.

ಮರುದಿನ ಬೆಳಿಗ್ಗೆ ಮೋಸಂಬಿ, ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು ನಿಪ್ಪಾಣಿಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಚೀಲದ ಕಡೆ ನೋಡಿ, "ಯಾರಿಗ ಆರಾಮಿಲ್ಲ, ಆಯಿ?" ಎಂದು ಕೇಳಿದ.

"ನನಗ," ಎಂದೆ.